ಅರಮನೆಯ ಊರು, ಕಚೇರಿಯ ಊರು

ಒಂದು ಮನೆಯ ಅಕ್ಕತಂಗಿಯರು ಹಿರಿತನಕ್ಕಾಗಿ ವಾದಿಸುವಂತೆ, ನೆರೆಹೊರೆಯ ಪಟ್ಟಣಗಳೂ ತಮ್ಮಲ್ಲಿ ಯಾವುದು ದೊಡ್ಡದು, ಯಾವುದಕ್ಕೆ ಪಟ್ಟ ಸಲ್ಲತಕ್ಕದ್ದು ಎಂದು ವಾದಿಸುವುದು ಲೋಕರೂಢಿಯಾಗಿರುತ್ತದೆ. ನಮ್ಮ ನಾಡಿನಲ್ಲಿ ಈ ವಾದವು ಮೈಸೂರಿಗೂ ಬೆಂಗಳೂರಿಗೂ ನಡುವೆ ಸುಮಾರು ಇನ್ನೂರು ವರ್ಷಗಳಿಂದ ನಡೆದುಬಂದಿದೆ. ನಮ್ಮ ಶಾಲೆಯಲ್ಲಿಯೂ ಅದು ಉಂಟು. ರಜೆ ಕಳೆದು ಮೈಸೂರಿನ ಅಜ್ಜಿಯ ಮನೆಯಿಂದ ಹಿಂದಿರುಗಿದ ಹುಡುಗಿಯು ಅರಮನೆಯ ದೀಪಗಳನ್ನು ವರ್ಣಿಸುವಳು. ಬೆಂಗಳೂರಿನವಳು ವಿಧಾನಸೌಧವನ್ನು ಮುಂದಿಡುವಳು. ನಡುವೆ ಯಲಹಂಕದ ಹುಡುಗಿಯೊಬ್ಬಳು ಎದ್ದು, ಬೆಂಗಳೂರನ್ನು ಕಟ್ಟಿಸಿದವರು ನಮ್ಮೂರಿನವರೇ ಅಲ್ಲವೇ ಎನ್ನುವಳು. ಮೂವರ ಮಾತಿನಲ್ಲಿಯೂ ನಿಜವುಂಟು. ಆ ನಿಜವು ಎಷ್ಟು, ಹೇಗೆ ಉಂಟಾಯಿತು, ಅದರಿಂದ ನಮ್ಮ ಹೆಣ್ಣುಮಕ್ಕಳಿಗೆ ದೊರೆತದ್ದೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಯಲಹಂಕದ ಹುಡುಗಿಯ ಮಾತನ್ನೇ ತೆಗೆದುಕೊಳ್ಳೋಣ. ಯಲಹಂಕ ನಾಡಿನ ಪ್ರಭುಗಳ ವಂಶದಲ್ಲಿ ಹುಟ್ಟಿದ ಕೆಂಪೇಗೌಡರು ವಿಜಯನಗರದ ಅರಸರಿಗೆ ಅಧೀನರಾಗಿದ್ದು, ೧೫೩೭ನೆಯ ಇಸವಿಯಲ್ಲಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದರೆಂದು ಚರಿತ್ರೆಯು ಹೇಳುತ್ತದೆ. ಬೆಂಗಳೂರೆಂಬ ಹೆಸರು ಅದಕ್ಕಿಂತ ಹಳೆಯದು. ಸುಮಾರು ೮೯೦ನೆಯ ಇಸವಿಯ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಆದರೆ ನಮ್ಮ ಹೆಬ್ಬಾಳದ ಹಿರಿತನವು ಇನ್ನೂ ಹಿಂದಕ್ಕೆ ಹೋಗುತ್ತದೆ. ಗಂಗ ದೊರೆ ಶ್ರೀಪುರುಷನ ಕಾಲದ, ಎಂದರೆ ಎಂಟನೆಯ ಶತಮಾನದ, ಕಿತ್ತಯ್ಯನೆಂಬ ವೀರನ ಶಿಲಾಶಾಸನವೊಂದು ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿತು. ಹೀಗೆ ವಯಸ್ಸನ್ನೇ ಎಣಿಸುವುದಾದರೆ ಹಿರಿಯ ಊರುಗಳು ನಮ್ಮ ಉತ್ತರ ಭಾಗದಲ್ಲಿಯೇ ಇವೆ. ಮೇಖ್ರಿ ವೃತ್ತದ ಹತ್ತಿರ ಇಂದಿಗೂ ನಿಂತಿರುವ ಕೆಂಪೇಗೌಡರ ಕಾಲದ ಉತ್ತರದ ಗೋಪುರವನ್ನು ನಮ್ಮ ಮಕ್ಕಳು ನೋಡಿರಬೇಕು. ಅಂದು ಊರಿನ ಎಲ್ಲೆಯ ಕಾವಲಿಗಿದ್ದ ಆ ಗೋಪುರವು ಇಂದು ಊರಿನ ನಡುವೆ ಇರುವಂತಾಗಿದೆ. ತಾಯೂರು ಕಟ್ಟಿದ ಮಗಳೂರು ಬೆಳೆದು ತಾಯೂರನ್ನೇ ತನ್ನೊಳಗೆ ಸೇರಿಸಿಕೊಂಡಿತು. ೨೦೦೭ರಲ್ಲಿ ಯಲಹಂಕ, ಬ್ಯಾಟರಾಯನಪುರ ಮೊದಲಾದ ನಗರಸಭೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದವು. ಇದು ಹಿರಿತನದ ವಾದಕ್ಕೆ ಮೊದಲನೆಯ ಪಾಠ: ಮುಂಚೆ ಹುಟ್ಟಿದ ಊರಿಗೇ ಪಟ್ಟವು ಉಳಿಯುವುದೆಂಬ ನಿಯಮವಿಲ್ಲ.

ಇನ್ನು ಮೈಸೂರು ಬೆಂಗಳೂರುಗಳ ವಿಷಯ. ೧೬೧೦ರಿಂದ ಮೈಸೂರು ಒಡೆಯರ ರಾಜಧಾನಿಯು ಶ್ರೀರಂಗಪಟ್ಟಣವಾಗಿದ್ದಿತು. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಮೈಸೂರು ಮತ್ತೆ ರಾಜಧಾನಿಯಾಯಿತು. ಇಂಗ್ಲಿಷರ ದಂಡು ಮಾತ್ರ ಶ್ರೀರಂಗಪಟ್ಟಣದಲ್ಲಿ ಜ್ವರದ ಬಾಧೆಯನ್ನು ತಾಳಲಾರದೆ ೧೮೦೯ರಲ್ಲಿ ಬೆಂಗಳೂರಿಗೆ ಬಂದು ನೆಲಸಿತು. ೧೮೩೧ರಲ್ಲಿ ಇಂಗ್ಲಿಷರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಾಗ, ಕಮಿಷನರರ ಕಚೇರಿಗೆ ದಂಡು ಇದ್ದ ಬೆಂಗಳೂರೇ ಅನುಕೂಲವೆಂದು ತೋರಿತು. ಆ ದಿನದಿಂದ ಒಂದೇ ಸಂಸ್ಥಾನಕ್ಕೆ ಎರಡು ಮುಖಗಳು ಉಂಟಾದವು. ಮಹಾರಾಜರು ಮೈಸೂರಿನಲ್ಲಿ, ಕಡತಗಳು ಬೆಂಗಳೂರಿನಲ್ಲಿ. ೧೮೬೮ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಂಪು ಕಟ್ಟಡವು ಆ ಕಾಲದ್ದೇ.

ಐವತ್ತು ವರ್ಷಗಳ ತರುವಾಯ, ೧೮೮೧ನೆಯ ಮಾರ್ಚಿ ತಿಂಗಳಲ್ಲಿ, ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಆಗ ಕಚೇರಿಗಳೆಲ್ಲವೂ ಮೈಸೂರಿಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಬೆಂಗಳೂರಿನಲ್ಲಿ ಕಟ್ಟಡಗಳಿದ್ದವು, ನೌಕರರ ಮನೆಗಳಿದ್ದವು, ಮದರಾಸಿನ ಕಡೆಯ ರೈಲುದಾರಿಯಿತ್ತು. ಅದೇ ವರ್ಷ ದಿವಾನ್ ರಂಗಾಚಾರ್ಯರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯು ಮಾತ್ರ ದಸರೆಯ ಸಮಯದಲ್ಲಿ ಮೈಸೂರಿನಲ್ಲಿಯೇ ಕೂಡಿತು. ದೇಶೀಯ ಸಂಸ್ಥಾನಗಳಲ್ಲಿ ಅಂಥ ಸಭೆಯು ಅದೇ ಮೊದಲನೆಯದು. ೧೮೮೨ರ ಹೊತ್ತಿಗೆ ಎರಡು ಊರುಗಳ ನಡುವೆ ರೈಲುದಾರಿಯೂ ಆಯಿತು. ಹೀಗೆ ಪ್ರಜೆಯು ತನ್ನ ಅಹವಾಲನ್ನು ಮೈಸೂರಿನಲ್ಲಿ ಹೇಳುವನು, ಅದರ ಉತ್ತರವು ಬೆಂಗಳೂರಿನಿಂದ ಬರುವುದು ಎಂಬ ವಿಚಿತ್ರ ಏರ್ಪಾಡು ನೆಲೆಗೊಂಡಿತು. ‘ನಮ್ಮದು ಅರಮನೆಯ ಊರು’ ಎಂದು ಮೈಸೂರಿನವರೂ, ‘ನಮ್ಮದು ಕಚೇರಿಯ ಊರು’ ಎಂದು ಬೆಂಗಳೂರಿನವರೂ ಹೇಳಿಕೊಳ್ಳುವುದಕ್ಕೆ ಕಾರಣವು ಇದೇ.

ಆ ಕಾಲದಲ್ಲಿ ಎರಡು ಊರುಗಳೂ ಸರಿಸಮಾನವಾಗಿದ್ದವೆಂಬುದನ್ನು ಇಂದಿನ ಮಕ್ಕಳು ನಂಬಲಾರರು. ೧೯೦೧ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು ೬೮ ಸಾವಿರ. ಬೆಂಗಳೂರು ಪೇಟೆಯದು ಸುಮಾರು ೬೯ ಸಾವಿರ. ಇಂಗ್ಲಿಷರ ಆಡಳಿತಕ್ಕೆ ಒಳಪಟ್ಟಿದ್ದ ದಂಡು ಪ್ರದೇಶವು ಬೇರೆಯಾಗಿದ್ದು, ಅಲ್ಲಿ ಸುಮಾರು ೯೦ ಸಾವಿರ ಜನರಿದ್ದರು. ಪೇಟೆಗೂ ದಂಡಿಗೂ ಪುರಸಭೆಗಳು ಒಂದಾದದ್ದು ೧೯೪೯ರಲ್ಲಿ. ೨೦೧೧ರ ಗಣತಿಯ ವೇಳೆಗೆ ಬೆಂಗಳೂರು ನಗರದ ಜನರು ೮೪ ಲಕ್ಷವನ್ನು ದಾಟಿದ್ದರು. ಮೈಸೂರಿನವರು ಸುಮಾರು ೯ ಲಕ್ಷ. ನೂರಹತ್ತು ವರ್ಷಗಳಲ್ಲಿ ತಕ್ಕಡಿಯ ಒಂದು ತಟ್ಟೆಯು ನೆಲವನ್ನು ಮುಟ್ಟಿತು.

ಆದರೆ ಸಮಬಲವಿದ್ದ ಆ ವರ್ಷಗಳಲ್ಲಿ ನಡೆದ ಸ್ಪರ್ಧೆಯು ನಾಡಿಗೆ ಬಹಳ ಒಳ್ಳೆಯದನ್ನು ಮಾಡಿತೆಂಬುದೇ ನಾವು ಮುಖ್ಯವಾಗಿ ಹೇಳತಕ್ಕ ಸಂಗತಿ. ಬೆಂಗಳೂರಿನ ಬೀದಿಗಳಿಗೆ ೧೯೦೫ರಲ್ಲಿ ವಿದ್ಯುದ್ದೀಪಗಳು ಬಂದವು. ೧೯೦೮ರಲ್ಲಿ ಮೈಸೂರಿಗೂ ಬಂದವು. ಎರಡಕ್ಕೂ ಶಿವನಸಮುದ್ರದ ಕಾವೇರಿಯೇ ಬೆಳಕಿನ ಮೂಲ. ೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಅದುವರೆಗೆ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹೊಸ ವಿದ್ಯಾಪೀಠವು ಎಲ್ಲಿರಬೇಕು? ಎರಡು ಊರುಗಳಿಗೂ ಆಸೆಯಿದ್ದದ್ದು ಸಹಜ. ತೀರ್ಮಾನವು ಹಿರಿಯರ ವಿವೇಕಕ್ಕೆ ತಕ್ಕಂತೆ ಆಯಿತು. ವಿಶ್ವವಿದ್ಯಾನಿಲಯದ ಪೀಠವೂ ಸಾಹಿತ್ಯ ಚರಿತ್ರೆ ಮೊದಲಾದ ಶಾಸ್ತ್ರಗಳೂ ಮೈಸೂರಿಗೆ, ವಿಜ್ಞಾನವು ಬೆಂಗಳೂರಿಗೆ. ೧೯೧೭ರಲ್ಲಿ ಇಂಜಿನಿಯರಿಂಗ್ ಕಾಲೇಜು ಬೆಂಗಳೂರಿನಲ್ಲಿ ಆರಂಭವಾಯಿತು. ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರು ಸುಮ್ಮನಿರಲಿಲ್ಲ; ೧೯೫೫ರಲ್ಲಿ ತನ್ನದೇ ವೈದ್ಯಕೀಯ ಕಾಲೇಜನ್ನು ಪಡೆಯಿತು. ಮೈಸೂರೂ ಸುಮ್ಮನಿರಲಿಲ್ಲ, ೧೯೪೬ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಒಬ್ಬಳಿಗೆ ಸೀರೆ ತಂದರೆ ಇನ್ನೊಬ್ಬಳೂ ಕೇಳುವಳೆಂದು ತಾಯಂದಿರು ದೂರುವುದುಂಟು. ಇಲ್ಲಿ ಹಾಗೆ ಕೇಳಿದ್ದರಿಂದಲೇ ನಾಡಿನ ಮಕ್ಕಳಿಗೆ ಒಂದರ ಬದಲು ಎರಡು ಕಾಲೇಜುಗಳು ದೊರೆತವು.

ಆಕಾಶವಾಣಿಯ ಕಥೆಯೂ ಇಂಥದೇ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದಿಂದ ಪ್ರಸಿದ್ಧಿಗೆ ಬಂದು, ಮುಂದೆ ಇಡೀ ದೇಶದ ಬಾನುಲಿಗೇ ಹೆಸರಾಯಿತು. ೧೯೫೫ರಲ್ಲಿ ಆ ಕೇಂದ್ರವನ್ನು ಬೆಂಗಳೂರಿಗೆ ತಂದರು. ಮೈಸೂರಿನವರಿಗೆ ಇದರಿಂದ ನೋವಾಗದೆ ಇರಲಿಲ್ಲ. ಕಾಲಾಂತರದಲ್ಲಿ ಅವರಿಗೂ ನಿಲಯವು ಮತ್ತೆ ದೊರೆಯಿತು.

ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿ ಈ ಸ್ಪರ್ಧೆಯು ಏನು ಮಾಡಿತೆಂಬುದನ್ನು ನಾವು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೆಂಗಳೂರು ಪೇಟೆಯಲ್ಲಿ ಕನ್ನಡ ಮಾತನಾಡುವ ಹೆಣ್ಣುಮಕ್ಕಳಿಗಾಗಿ ಮೊದಲು ಶಾಲೆ ತೆರೆದವರು ಲಂಡನ್ ಮಿಷನ್ನಿನ ಪಾದ್ರಿಗಳ ಪತ್ನಿಯರು. ಅದು ೧೮೪೦ರ ಸುಮಾರಿನ ಮಾತು. ಆಗ ಹುಡುಗಿಯರನ್ನು ಶಾಲೆಗೆ ಕಳುಹಿಸುವುದೇ ಅಪವಾದಕ್ಕೆ ಕಾರಣವಾಗಿದ್ದಿತು. ಅದೇ ಮಿಷನ್ನಿನ ಬೆಂಜಮಿನ್ ರೈಸರ ಮಗ, ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಲೂಯಿ ರೈಸರು, ಮುಂದೆ ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದು, ನಾಡಿನ ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದರು. ಯಾವ ಊರು ಎಷ್ಟು ಹಳೆಯದೆಂದು ನಾವು ಇಂದು ವಾದಿಸುವುದಕ್ಕೆ ಆಧಾರಗಳನ್ನು ಒದಗಿಸಿಕೊಟ್ಟವರಲ್ಲಿ ಅವರು ಮುಖ್ಯರು. ಹೀಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಬೆಂಗಳೂರು ಮುಂದಾದರೆ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೈಸೂರು ಮುಂದಾಯಿತು. ೧೮೮೧ರಲ್ಲಿ ಅಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ೧೯೦೧ರಲ್ಲಿ ಕಾಲೇಜಿನ ಮಟ್ಟಕ್ಕೆ ಏರಿತು. ಬೆಂಗಳೂರಿನಲ್ಲಿ ಮಹಾರಾಣಿಯವರ ಹೆಸರಿನ ಮಹಿಳಾ ಕಾಲೇಜು ಆದದ್ದು ೧೯೩೮ರಲ್ಲಿ. ನಡುವಣ ಮೂವತ್ತೇಳು ವರ್ಷಗಳಲ್ಲಿ, ಗಂಡುಹುಡುಗರ ಜೊತೆಯಲ್ಲಿ ಕೂರಿಸಲು ಹಿರಿಯರು ಒಪ್ಪದ ಎಷ್ಟು ಮಂದಿ ಬೆಂಗಳೂರಿನ ಹುಡುಗಿಯರು ಮೈಸೂರಿನ ರೈಲು ಹತ್ತಿರಬಹುದು, ಮತ್ತೆಷ್ಟು ಮಂದಿ ಹತ್ತಲಾರದೆ ಮನೆಯಲ್ಲಿಯೇ ಉಳಿದಿರಬಹುದು! ಆ ಉಳಿದವರನ್ನು ನೆನೆದರೆ, ಊರಿನ ಹೆಮ್ಮೆಯೆಂಬುದು ಬರಿಯ ಮಾತಿನ ಆಟವಲ್ಲವೆಂದು ತಿಳಿಯುತ್ತದೆ. ಒಂದು ಊರಿನಲ್ಲಿ ಒಂದು ಬಾಗಿಲು ಇರುವುದೂ ಇಲ್ಲದಿರುವುದೂ ಒಬ್ಬ ಹುಡುಗಿಯ ಇಡೀ ಜೀವನವನ್ನು ಬದಲಾಯಿಸುತ್ತದೆ.

ನಮ್ಮ ಉತ್ತರ ಭಾಗದಲ್ಲಿ ವಾಸಿಸುವವರು ಈ ಎರಡು ಊರುಗಳ ಸಂಬಂಧವನ್ನು ದಿನವೂ ಕಣ್ಣಿಂದ ಕಾಣಬಹುದು. ಹತ್ತನೆಯ ಚಾಮರಾಜೇಂದ್ರ ಒಡೆಯರು ೧೮೯೪ರಲ್ಲಿ ತೀರಿಕೊಂಡ ಮೇಲೆ, ಮಗನು ಪ್ರಾಯಕ್ಕೆ ಬರುವವರೆಗೆ ರಾಜ್ಯಭಾರವನ್ನು ವಹಿಸಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಅವರು ೧೮೯೯ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಗಳಿಗಾಗಿ ೩೦ ಎಕರೆ ಭೂಮಿಯನ್ನು ಕೊಟ್ಟರು. ಅದೇ ಬೆಳೆದು ೧೯೧೩ರಲ್ಲಿ ವ್ಯವಸಾಯ ಶಾಲೆಯಾಗಿ, ೧೯೪೬ರಲ್ಲಿ ಕಾಲೇಜಾಗಿ, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಯಶವಂತಪುರದ ನೆರೆಯಲ್ಲಿ ಜಮಶೇಟ್ಜಿ ಟಾಟಾರವರ ಸಂಕಲ್ಪದಂತೆ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರಕ್ಕೆ ೩೭೧ ಎಕರೆ ನೆಲವನ್ನು ದಾನವಾಗಿ ಕೊಟ್ಟದ್ದು ಮೈಸೂರು ಸಂಸ್ಥಾನವೇ. ಅರಮನೆಯ ಊರಿನ ಔದಾರ್ಯವು ಕಚೇರಿಯ ಊರಿನಲ್ಲಿ ಫಲಿಸಿತು. ಶ್ರೀಗಂಧದ ಸಾಬೂನಿನ ಕಾರ್ಖಾನೆಯೂ ಯಶವಂತಪುರದ ಬಳಿಯೇ ಇದೆ. ‘ಮೈಸೂರು’ ಎಂಬ ಹೆಸರನ್ನು ಹೊತ್ತು ದೇಶದೇಶಗಳಿಗೆ ಹೋಗುವ ಆ ಸಾಬೂನು ಬೆಂಗಳೂರಿನಲ್ಲಿ ತಯಾರಾಗುತ್ತದೆ. ಹೆಸರು ಒಬ್ಬರದು, ಕೆಲಸ ಒಬ್ಬರದು, ಪರಿಮಳವು ಇಬ್ಬರದೂ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬಹುದು. ೧೯೫೬ನೆಯ ನವೆಂಬರು ೧ರಂದು ಕನ್ನಡ ನಾಡುಗಳು ಒಂದಾದ ಮೇಲೆಯೂ, ೧೯೭೩ನೆಯ ನವೆಂಬರು ೧ರವರೆಗೆ, ರಾಜ್ಯಕ್ಕೆ ಮೈಸೂರೆಂದೇ ಹೆಸರಿತ್ತು. ಸರಕಾರವು ಬೆಂಗಳೂರಿನಲ್ಲಿ, ಹೆಸರು ಮೈಸೂರಿನದು. ಧಾರವಾಡ, ಬೆಳಗಾವಿ, ಕಲಬುರಗಿಗಳ ಜನರಿಗೆ ಇದು ಅಷ್ಟು ರುಚಿಸಲಿಲ್ಲ. ಅವರ ಕೊರಗು ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ, ೧೮೯೦ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತ್ತು. ರಾಜ್ಯವು ಕರ್ನಾಟಕವಾದಾಗ ಮೈಸೂರು ತನ್ನ ದೊಡ್ಡ ಹೆಸರನ್ನು ಬಿಟ್ಟುಕೊಟ್ಟಿತು. ಅದರಿಂದ ಅದರ ಘನತೆಯು ಕುಂದಲಿಲ್ಲ. ಅನಂತರ ೨೦೧೨ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ತೆರೆಯಿತು. ಧಾರವಾಡ ಕಲಬುರಗಿಗಳಿಗೆ ಉಚ್ಚ ನ್ಯಾಯಾಲಯದ ಪೀಠಗಳು ದೊರೆತವು. ಮೈಸೂರು ಬೆಂಗಳೂರುಗಳು ಹಂಚಿಕೊಂಡು ಬಾಳಿದಂತೆ ಉಳಿದವರೊಡನೆಯೂ ಹಂಚಿಕೊಳ್ಳುವ ಕೆಲಸವು ಮೊದಲಾಗಿದೆ, ಮುಗಿದಿಲ್ಲ.

ಲೋಕದ ಬೇರೆ ಕಡೆಗಳಲ್ಲಿ ಇಂಥ ವಾದವು ಹೇಗೆ ತೀರಿತೆಂಬುದಕ್ಕೆ ಆಸ್ಟ್ರೇಲಿಯಾ ದೇಶವನ್ನು ನೋಡಬಹುದು. ೧೯೦೧ರಲ್ಲಿ ಅಲ್ಲಿಯ ಪ್ರಾಂತಗಳು ಒಂದುಗೂಡಿದಾಗ ರಾಜಧಾನಿಯ ಪಟ್ಟವನ್ನು ಸಿಡ್ನಿಯೂ ಮೆಲ್ಬರ್ನೂ ಬಯಸಿದವು. ಎರಡೂ ಬಿಟ್ಟುಕೊಡಲಿಲ್ಲ. ಕೊನೆಗೆ ನಡುವೆ ಒಂದು ಹೊಸ ಊರನ್ನೇ ಕಟ್ಟಬೇಕಾಯಿತು. ೧೯೨೭ರಲ್ಲಿ ಅವರ ಪಾರ್ಲಿಮೆಂಟು ಮೆಲ್ಬರ್ನಿನಿಂದ ಕ್ಯಾನ್‌ಬೆರಾಕ್ಕೆ ಹೋಯಿತು. ಇಬ್ಬರ ಜಗಳದಲ್ಲಿ ಪಟ್ಟವು ಮೂರನೆಯವಳಿಗೆ ಹೋದಂತಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಪಟ್ಟವನ್ನು ಒಡೆಯದೆ ಪಟ್ಟದ ಕೆಲಸಗಳನ್ನು ಹಂಚಿಕೊಂಡರು.

ಆದರೆ ಎಲ್ಲವೂ ಸುಖಾಂತವೆಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಒಂದು ಊರು ಬಹಳ ಬೆಳೆದಾಗ ಅದರ ಬೆಲೆಯನ್ನು ತೆರುವವರು ನೆರೆಯವರು. ೧೮೯೬ರಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಬಂದದ್ದು ನಮ್ಮ ಉತ್ತರದ ಹೆಸರಘಟ್ಟದ ಕೆರೆಯಿಂದ. ಅರ್ಕಾವತಿಯು ಬತ್ತುತ್ತ ಬಂದ ಮೇಲೆ ಊರು ದೂರದ ಕಾವೇರಿಯತ್ತ ಕೈ ಚಾಚಿತು. ೧೯೭೪ರಿಂದ ಆ ನೀರು ಬರುತ್ತಿದೆ. ಮೈಸೂರಿನ ನೆರೆಯ ಕೃಷ್ಣರಾಜಸಾಗರವನ್ನು ತುಂಬಿ ಹರಿಯುವ ಅದೇ ನದಿಯನ್ನು ಬೆಂಗಳೂರಿನವರು ಕುಡಿಯುತ್ತಾರೆ. ಮೈಸೂರನ್ನು ಹಳ್ಳಿಯೆಂದು ಹಾಸ್ಯ ಮಾಡುವ ಹುಡುಗಿಯು ಲೋಟವನ್ನು ಎತ್ತುವ ಮುನ್ನ ಇದನ್ನು ನೆನೆಯಬೇಕು. ಹಾಗೆಯೇ, ಭಾರತದ ನಗರಗಳ ಶುಚಿತ್ವದ ಪರೀಕ್ಷೆಯಲ್ಲಿ ೨೦೧೫ರಲ್ಲಿಯೂ ೨೦೧೬ರಲ್ಲಿಯೂ ಮೈಸೂರಿಗೆ ಮೊದಲನೆಯ ಸ್ಥಾನವು ಬಂದಾಗ, ಬೆಂಗಳೂರಿನವರು ಕಲಿಯತಕ್ಕದ್ದು ಬೇಕಾದಷ್ಟಿತ್ತು. ಇತ್ತ ಮೈಸೂರಿನ ಪದವೀಧರರಲ್ಲಿ ಎಷ್ಟೋ ಮಂದಿಗೆ ಅನ್ನವನ್ನು ಕೊಟ್ಟದ್ದು ಬೆಂಗಳೂರೆಂಬುದನ್ನು ಮೈಸೂರಿನವರೂ ಮರೆಯಬಾರದು.

ಈಗಿನ ಕಾಲದಲ್ಲಿ ಪಟ್ಟದ ಆಸೆಯು ಹೊಸ ರೂಪಗಳನ್ನು ತಾಳುತ್ತಿದೆ. ೨೦೧೭ರಲ್ಲಿ ಬೆಂಗಳೂರು ಉತ್ತರ ಎಂಬ ಹೆಸರಿನಿಂದ ವಿಶ್ವವಿದ್ಯಾನಿಲಯವೊಂದು ಆದಾಗ ಅದರ ಪೀಠವು ಕೋಲಾರದಲ್ಲಿ ನೆಲೆಗೊಂಡಿತು. ೨೦೨೫ರಲ್ಲಿ ಬೆಂಗಳೂರನ್ನು ಐದು ನಗರ ಪಾಲಿಕೆಗಳಾಗಿ ವಿಂಗಡಿಸಿದಾಗ ನಮ್ಮ ಉತ್ತರ ಭಾಗಕ್ಕೂ ತನ್ನದೇ ಪಾಲಿಕೆಯು ಬಂದಿತು. ೨೦೦೭ರಲ್ಲಿ ನಗರಸಭೆಯನ್ನು ಕಳೆದುಕೊಂಡ ಯಲಹಂಕದ ಹಿರಿಯರಿಗೆ ಇದರಿಂದ ಸ್ವಲ್ಪ ಸಮಾಧಾನವಾಗಿರಬಹುದು. ಇನ್ನು ಉತ್ತರದವರು ದಕ್ಷಿಣದವರು ಎಂಬ ಸ್ಪರ್ಧೆಯು ಹುಟ್ಟದೆ ಇರದು. ಹುಟ್ಟಲಿ, ಆದರೆ ಯಾರ ಕೆರೆಯು ತುಂಬಿದೆ, ಯಾರ ಶಾಲೆಯಲ್ಲಿ ಬಡವರ ಹುಡುಗಿಗೆ ಸ್ಥಳವಿದೆ ಎಂಬುದರಲ್ಲಿ ಹುಟ್ಟಲಿ ಎಂದು ನಮ್ಮ ಆಸೆ.

ಪೋಷಕರಿಗೆ ಒಂದು ಮಾತು. ಪ್ರತಿ ವರ್ಷವೂ ಹತ್ತನೆಯ ತರಗತಿಯ ಫಲಿತಾಂಶವು ಬಂದ ಮೇಲೆ, ಮಗಳನ್ನು ಎಲ್ಲಿ ಓದಿಸಬೇಕೆಂದು ನಮ್ಮನ್ನು ಕೇಳಲು ಬರುವವರುಂಟು. ಮೈಸೂರಿನ ಒಳ್ಳೆಯ ಕಾಲೇಜಿನಲ್ಲಿ, ಆಕೆಗೆ ಇಷ್ಟವಾದ ವಿಷಯದಲ್ಲಿ ಸ್ಥಳವು ದೊರೆತಿದ್ದರೂ, ‘ಬೆಂಗಳೂರಿನಲ್ಲಿದ್ದುಕೊಂಡು ಮೈಸೂರಿಗೆ ಕಳುಹಿಸಿದರೆ ನಾಲ್ಕು ಜನ ಏನೆಂದಾರು’ ಎಂದು ಹಿಂಜರಿಯುವವರನ್ನು ನಾವು ಕಂಡಿದ್ದೇವೆ. ಮಗನ ವಿಷಯದಲ್ಲಿ ಆ ಹಿಂಜರಿಕೆ ಕಡಮೆ. ಆ ನಾಲ್ಕು ಜನರು ಮಗಳ ಬಾಳನ್ನು ಬಾಳುವವರಲ್ಲ. ನೂರು ವರ್ಷಗಳ ಹಿಂದೆ ನಮ್ಮ ಹುಡುಗಿಯರು ಮೈಸೂರಿಗೆ ಹೋಗಿ ಓದಿದರೆ ಅದು ಸಾಹಸವೆನಿಸುತ್ತಿತ್ತು. ಇಂದು ಎರಡು ಊರುಗಳ ನಡುವೆ ಕೆಲವೇ ಗಂಟೆಗಳ ಪ್ರಯಾಣ. ಊರಿನ ಪಟ್ಟವನ್ನು ನೋಡಿ ಕಾಲೇಜನ್ನು ಆರಿಸಬೇಡಿರಿ; ಪಾಠವನ್ನೂ, ಮಗಳ ಮನಸ್ಸನ್ನೂ ನೋಡಿ ಆರಿಸಿರಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಬೈಬಲ್ ತರಗತಿಯ ಎರಡು ಪಾಠಗಳು ನೆನಪಿರಬಹುದು. ತಮ್ಮಲ್ಲಿ ಯಾರು ಹೆಚ್ಚಿನವನೆಂದು ಶಿಷ್ಯರು ದಾರಿಯಲ್ಲಿ ವಾಗ್ವಾದ ಮಾಡಿದಾಗ, ಸ್ವಾಮಿಯು ಅವರಿಗೆ ಸೇವೆಯನ್ನೇ ಹಿರಿತನದ ಅಳತೆಯಾಗಿ ತೋರಿಸಿದನು. ಪೌಲನು ಕೊರಿಂಥದ ಸಭೆಗೆ ಬರೆಯುತ್ತ, ದೇಹದ ಅವಯವಗಳಲ್ಲಿ ಒಂದಕ್ಕೊಂದು ಬೇಡವೆನ್ನಲಾಗದೆಂದು ವಿವರಿಸಿದನು. ಊರುಗಳಿಗೂ ಇದೇ ಅಳತೆಯು ಸಲ್ಲುತ್ತದೆ. ಮೈಸೂರು ಹಿರಿದೆನಿಸಿದ್ದು ಹೆಬ್ಬಾಳದಲ್ಲಿ ನೆಲವನ್ನು ಕೊಟ್ಟಾಗ, ಹೆಣ್ಣುಮಕ್ಕಳಿಗೆ ಕಾಲೇಜನ್ನು ತೆರೆದಾಗ; ಬೆಂಗಳೂರು ಹಿರಿದೆನಿಸಿದ್ದು ಎಲ್ಲ ಕಡೆಯಿಂದ ಬಂದವರಿಗೆ ವಿದ್ಯೆಯನ್ನೂ ಉದ್ಯೋಗವನ್ನೂ ಕೊಟ್ಟಾಗ. ಯಲಹಂಕವಂತೂ ಒಂದು ಊರನ್ನೇ ಕೊಟ್ಟಿತು.

ಆದಕಾರಣ ನಮ್ಮ ಮಕ್ಕಳು ವಾದಿಸಲಿ, ನಗಲಿ, ತಮ್ಮ ತಮ್ಮ ಊರಿನ ಹೆಮ್ಮೆಯನ್ನು ಮೆರೆಸಲಿ. ನಾವು ಅದನ್ನು ತಡೆಯುವುದಿಲ್ಲ. ವಾದದ ಕೊನೆಯಲ್ಲಿ ಒಬ್ಬೊಬ್ಬಳೂ ತನ್ನ ಊರು ನೆರೆಯ ಊರಿಗೆ ಏನನ್ನು ಕೊಟ್ಟಿದೆ, ಇನ್ನು ಏನನ್ನು ಕೊಡಬಲ್ಲದು ಎಂಬುದನ್ನೂ ಒಂದು ಮಾತು ಹೇಳುವ ಪದ್ಧತಿಯನ್ನು ಬೆಳೆಸಿಕೊಳ್ಳಲಿ. ನಮ್ಮ ಶಾಲೆಯಿಂದ ಹೊರಟು ಮೈಸೂರಿನಲ್ಲಿಯೂ, ಬೆಂಗಳೂರಿನ ನಾಲ್ಕು ದಿಕ್ಕುಗಳಲ್ಲಿಯೂ, ದೂರದ ಊರುಗಳಲ್ಲಿಯೂ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಾವಿರುವ ಊರಿನ ಹೆಣ್ಣುಮಕ್ಕಳಿಗೆ ಒಂದೊಂದು ಬಾಗಿಲನ್ನು ತೆರೆಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.